ಅವ್ವನ ಕೈಯ ಕೆಂಪು

ಜುಲೈ 23, ಬುಧವಾರ. ತರೀಕೆರೆ

ಬೆಳಿಗ್ಗೆ 7.10. ಅಜ್ಜಂಪುರದಿಂದ ಫೋಟೋ ಬಂತು. ಅವ್ವನ ಎರಡೂ ಮುಂಗೈ, ನಡುವೆ ಬಣ್ಣ ಹೋಲಿಸಲು ಬಿಳಿ ಕಾರ್ಡು. ಕಾರ್ಡು ನೆಟ್ಟಗೆ ಇಡುವುದನ್ನು ತಂಗಿ ದೀಪಶ್ರೀ ಕೊನೆಗೂ ಕಲಿತಳು. ಪ್ರೋಗ್ರಾಂ ಓಡಿಸಿದೆ. ಎಡಗೈ 12. ಬೇಲಿಮುಳ್ಳು ಗೀರಿ ಸೋಂಕಾದ ಬಲಗೈ 21. ನಿನ್ನೆ 22 ಇತ್ತು.

ಕಾಲೇಜಿನಲ್ಲಿ ಎಲೆಯ ಹಸಿರು ಅಳೆಯಲು ಬರೆದ ಪ್ರೋಗ್ರಾಂ. ಈಗ ಚರ್ಮದ ಕೆಂಪು ಅಳೆಯುತ್ತಿದೆ. ಡಾಕ್ಟರ್ ಶಶಿಧರ ಹೇಳಿದ್ದಿಷ್ಟು: ಕೆಂಪು ಇಳಿದರೆ ಮಾತ್ರೆ ಸಾಕು. ಏರಿದರೆ ದೊಡ್ಡಾಸ್ಪತ್ರೆ. ಶುಗರ್ ಇರುವ ಮೈ, ಕಾಯುವಂತಿಲ್ಲ.

ಅಪ್ಪ ಆ ದೊಡ್ಡಾಸ್ಪತ್ರೆಗೆ ನಡೆದುಕೊಂಡೇ ಹೋಗಿದ್ದರು. ಬರುವಾಗ... ಅವ್ವನ ಮುಂದೆ ಆ ಮಾತು ಎತ್ತುವಂತಿಲ್ಲ.

ಜುಲೈ 25, ಶುಕ್ರವಾರ

ಬಲ 18. ಫೋನಿನಲ್ಲಿ ಅವ್ವ.

"ಏನಪ್ಪಾ, ಇವತ್ತೆಷ್ಟು ಮಾರ್ಕ್ಸು?"

"ಹದಿನೆಂಟು. ಕಮ್ಮಿ ಬಂದ್ರೇನೇ ಪಾಸು, ಅವ್ವ."

"ಹಂಗಾದ್ರೆ ಹತ್ತನೇ ಕ್ಲಾಸಲ್ಲಿ ನೀನೇ ಫಸ್ಟ್ ಕಣೋ. ಬಂದು ನೋಡ್ಬಾರ್ದಾ?"

ಭಾನುವಾರ ಬರುತ್ತೇನೆ ಎಂದೆ.

ಜುಲೈ 28, ಸೋಮವಾರ

ನಿನ್ನೆ ಹೋಗಲಿಲ್ಲ. ಅಂಕಿ 16ಕ್ಕೆ ಇಳಿದಿತ್ತು — ಅದೇ ನೆಪವಾಯಿತು.

ಇವತ್ತು 24. ಮತ್ತೆ ಓಡಿಸಿದೆ. 24. ಏನೂ ಆಗದ ಎಡಗೈ 17. ಸೋಂಕು ರಕ್ತಕ್ಕೇ ಸೇರಿತೇ?

ಡಾಕ್ಟರಿಗೆ ಫೋನ್. "ಹೋಗಿ ಜ್ವರ ಇದೆಯಾ ನೋಡಿ. ಬೆಡ್ ಹೇಳಿಡ್ತೀನಿ." ರಜಾಚೀಟಿ ಕೊಟ್ಟು ಬಸ್ ಹತ್ತಿದೆ. ದಾರಿಯುದ್ದಕ್ಕೂ ಅದೇ ಫೋಟೋ ದೊಡ್ಡದು ಮಾಡಿ ನೋಡಿದೆ. ದೊಡ್ಡದು ಮಾಡಿದಷ್ಟೂ ಚೌಕಗಳು. ಕೈ ಕಾಣಲಿಲ್ಲ.

ಅದೇ ದಿನ, ಮಧ್ಯಾಹ್ನ. ಅಜ್ಜಂಪುರ

ಅವ್ವ ಜಗಲಿಯಲ್ಲಿ ಹುರುಳಿಕಾಳು ಆರಿಸುತ್ತಿದ್ದಳು. ಎರಡೂ ಕೈಯಲ್ಲಿ. ಜ್ವರವಿಲ್ಲ. ಬಲಗೈಯ ಬಾವು ಇಳಿದು ಚರ್ಮ ಸುಕ್ಕಾಗಿದೆ. ಎರಡೂ ಮುಂಗೈ ಮೇಲೆ ಮೂರು ಮೂರು ಗೆರೆ ವಿಭೂತಿ.

ಫೋಟೋದಲ್ಲಿ ವಿಭೂತಿ ಇರಲಿಲ್ಲವಲ್ಲ ಎಂದೆ.

"ಶ್ರಾವಣ ಸೋಮ್ವಾರ ಕಣೋ. ಪೂಜೆ ಮಾಡಿ ಹಚ್ಕಂಡಿದ್ದೆ. ಫೋಟೋಕ್ಕೆ ಬರೀ ಚರ್ಮ ಕಾಣ್ಬೇಕು ಅಂತ ನೀನೇ ಅಲ್ವಾ ಹೇಳಿದ್ದು? ಒದ್ದೆ ಟವಲಲ್ಲಿ ಉಜ್ಜಿದೆ. ಆಮೇಲೆ ಮತ್ತೆ ಹಚ್ಕಂಡೆ."

"ತಪ್ಲೆ ತಿಕ್ಕಿದಂಗೆ ತಿಕ್ಕಿದ್ಲು ಕಣಣ್ಣ," ಎಂದಳು ದೀಪಶ್ರೀ.

"ಮತ್ತೆ? ಮಗ ಕಂಪ್ಯೂಟರಲ್ಲಿ ನೋಡ್ತಾನೆ, ಕೊಳಕು ಕೈ ಕಳ್ಸಕ್ಕಾಯ್ತದಾ?"

ಕುಳಿತುಬಿಟ್ಟೆ. ಉಜ್ಜಿದ ಕೆಂಪು, ಕಾಯಿಲೆಯ ಕೆಂಪು — ಪ್ರೋಗ್ರಾಮಿಗೆ ಎರಡೂ ಒಂದೇ. ಬರೆದವನಿಗೂ ಮಧ್ಯಾಹ್ನದವರೆಗೆ ಒಂದೇ ಆಗಿತ್ತು.

ನೀರು ಹನಿಸಿ, ಉಜ್ಜದೆ ವಿಭೂತಿ ತೆಗೆಸಿದೆ. ಅರ್ಧ ಗಂಟೆ ಕಾದೆವು. ಫೋಟೋ. ಎಡ 12. ಬಲ 15.

ಫೋನಿನಲ್ಲಿ ಡಾಕ್ಟರ್ ನಕ್ಕರು. ಬೆಡ್ ಬೇಡ, ಮಾತ್ರೆ ಮುಗಿಸಲಿ ಎಂದರು. ಅವ್ವನಿಗೆ ಬೆಡ್ಡಿನ ವಿಷಯ ಹೇಳಲಿಲ್ಲ. ಎರಡು ಮುದ್ದೆ ಉಂಡೆ.

ಜುಲೈ 29, ಮಂಗಳವಾರ

ಇಲ್ಲೇ ಉಳಿದೆ. ಇನ್ನು ಮೇಲೆ ಪೂಜೆಗೆ ಮೊದಲೇ ಫೋಟೋ. ಅವ್ವ ಒಪ್ಪಿದಳು.

7.10. ಕೈ ಚಾಚಿದಳು. ಫೋನ್ ಜೇಬಿನಲ್ಲೇ ಇತ್ತು. ಬಲಗೈ ಹಿಡಿದು ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿದೆ. ಬಿಸಿಯಿಲ್ಲ. ನೋವೂ ಇಲ್ಲವಂತೆ.

"ಎಷ್ಟಪ್ಪಾ?"

"ಪಾಸು."

"ಹಂಗಾದ್ರೆ ಬಿಡೋ ಕೈನ, ಪೂಜೆಗೆ ಹೊತ್ತಾಯ್ತು."

ಬಿಡುತ್ತೇನೆ ಎಂದೆ. ಇನ್ನೊಂದು ಸ್ವಲ್ಪ ಹೊತ್ತು —