ಎದೆಮಟ್ಟದ ಬಿಳಿ ಚುಕ್ಕೆ

ಸೆಪ್ಟೆಂಬರ್ 9, ಬೆಳಿಗ್ಗೆ

ಒಲೆಯ ಪಕ್ಕ ಒಣಗುತ್ತಿರುವ ಅಜ್ಜಿಯ ಕೈಗವಸು. ಹೆಬ್ಬೆರಳಿಗೆ ಮಾತ್ರ ಹಸಿರು ಪುಡಿ—ತೊಗಟೆಯ ಮೇಲಿನ ಪಾಚಿಯದು. ಸ್ಪ್ರೂಸ್ ಮರಗಳ ತೋಪಿನ ಕಡೆ ತಲೆ ಹಾಕುವುದಿಲ್ಲ ಎಂದವಳು ಹೋಗಿ ಬಂದಿದ್ದಾಳೆ.

ಅಜ್ಜ, ಅಜ್ಜಿ ಸೇರಿ ನೆಟ್ಟದ್ದು. ಮೂವತ್ತೈದು ವರ್ಷವಾಯಿತು. ಆರು ವರ್ಷದ ಹಿಂದೆ, ಸಾಯುವ ಮುಂಚೆ, ಅಜ್ಜ ಕೆರೆ ಕಡೆಯ ಅರ್ಧದಲ್ಲಿ ಮೂರಕ್ಕೊಂದು ಮರ ಕಡಿಸಿದ್ದ, ಉಳಿದವು ಬೆಳೆಯಲೆಂದು. ಇನ್ನರ್ಧ ಒತ್ತೊತ್ತು, ಕತ್ತಲೆ; ಅಲ್ಲೂ ಹಾಗೇ ಕಡಿಸಬೇಕು. ಮರ ಕಡಿಯುವ ಗುತ್ತಿಗೆದಾರ ರೂಬೆನ್‌ನ ಯಂತ್ರ ಈ ತಿಂಗಳು ಮಾತ್ರ ಬಿಡುವು. ಅಜ್ಜಿ ಬಗ್ಗುತ್ತಿಲ್ಲ. "ನೆಟ್ಟೋಳೇ ಕಡಿ ಅನ್ಲಾ, ಕೂಸೇ?"

ಸೆ. 11

ಅಜ್ಜ ಆಗ ಮರಗಳ ಅಳತೆ ಬರೆದಿಟ್ಟ ನೋಟ್‌ಬುಕ್, ಟೇಪ್ ಹಿಡಿದು ಹೋದೆ. ಟೇಪ್ ಸುತ್ತುವ ಎತ್ತರ ತೋರಿಸುವ ಅಳತೆಕೋಲು ಮರೆತೆ. ನನ್ನ ಎದೆಮಟ್ಟಕ್ಕೇ ಮರಗಳಿಗೆ ಟೇಪ್ ಸುತ್ತಿದೆ. ಆರು ವರ್ಷದಲ್ಲಿ ಕೆರೆ ಕಡೆಯವು ಸುತ್ತಳತೆಯಲ್ಲಿ ಸರಾಸರಿ ಹದಿನಾಲ್ಕು ಸೆಂಟಿಮೀಟರ್ ದಪ್ಪವಾಗಿವೆ. ಒತ್ತಿನವು ಐದು. ಅಲ್ಲಿ ತುದಿಯಲ್ಲಷ್ಟೇ ಹಸಿರು, ಕೆಳಗೆಲ್ಲ ಒಣಕಲು ರೆಂಬೆ.

ಅಜ್ಜಿ ಅಂಕಿ ನೋಡುತ್ತಾ ಕೂತಳು. ಕಾಫಿ ಆರಿತು.

"ಕಡಿಸೋಣ ಬಿಡು. ಉಸಿರು ಕಟ್ಟಿ ನಿಂತಿವೆ, ಪಾಪ."

ಸೆ. 14

ತೋಪು ನೋಡಲು ರೂಬೆನ್ ಬಂದ. "ಹೇಗೆ ಅಳೆದೆ, ತೋರ್ಸು." ತೋರಿಸಿದೆ. ನಕ್ಕ.

"ಒಂದು ಮೀಟರ್ ಮೂವತ್ತಕ್ಕೆ ಅಳೀಬೇಕು ತಂಗಿ. ಕೆಳಗೆ ಸುತ್ತಿದ್ರೆ ಎಲ್ಲಾ ಮರಾನೂ ದಪ್ಪಾನೇ. ಕವನ ಓದಿದೋರ ಕೈಗೆ ಟೇಪ್ ಕೊಟ್ರೆ ಇದೇ ಗತಿ."

ಅಜ್ಜಿ ಒಪ್ಪಿದ್ದು ನನ್ನ ಅಂಕಿ ನಂಬಿ...

ಸೆ. 17

ಮೂರು ದಿನ ಮುಂದೂಡಿದೆ. ಇವತ್ತು ಅಜ್ಜಿಗೆ ಹೇಳಿದೆ, ನಾನು ಅಳೆದ ಎತ್ತರ ತಪ್ಪಂತೆ ಎಂದು.

ಅವಳು ಕೈಗವಸು ಹಾಕಿಕೊಂಡು ತೋಪಿಗೆ ಹೊರಟಳು. ಹಿಂದೆ ನಾನು. ಒತ್ತಿನ ಕಡೆ ಒಂದು ಕಾಂಡವನ್ನು ಹೆಬ್ಬೆರಳಿನಿಂದ ಉಜ್ಜಿದಳು. ಹಸಿರಿನಡಿ ಬಿಳಿ ಬಣ್ಣದ ಚುಕ್ಕೆ.

"ಅಳೆಯೋ ಜಾಗ ತಪ್ಪದಿರ್ಲಿ ಅಂತ ನಿನ್ನಜ್ಜ ಅಳೆದ ಮರಕ್ಕೆಲ್ಲ ಇಟ್ಟಿದ್ದು. ಅವನ ಕೋಲೂ ಯಾವಾಗ್ಲೂ ಮನೇಲೇ, ತನ್ನ ಎದೆಮಟ್ಟಕ್ಕೇ ಅಳೀತಿದ್ದ. ಗಿಡ್ಡ ಮನುಷ್ಯ, ನಿನ್ನ ಹಾಗೇ."

ಪಕ್ಕ ನಿಂತೆ. ಚುಕ್ಕೆ ನನ್ನ ಎದೆಗೆ ಸರಿಯಾಗಿ. ಅಜ್ಜ, ನಾನು ಇಬ್ಬರೂ ಒಂದೇ ಎತ್ತರದಲ್ಲಿ ಅಳೆದಿದ್ದೆವು. ಬೆಳೆದ ಲೆಕ್ಕ ತಪ್ಪಿಲ್ಲ: ಹದಿನಾಲ್ಕು ಹದಿನಾಲ್ಕೇ, ಐದು ಐದೇ.

"ಕಡಿಸು. ಆದ್ರೆ ಯಾವುದು ಹೋಗ್ಬೇಕು ಅಂತ ಆರಿಸೋಕೆ ನನ್ ಕೈಲಾಗಲ್ಲ. ರೂಬೆನ್ ನೋಡ್ಕೊಳ್ಲಿ," ಎಂದಳು ಅಜ್ಜಿ.



ಸೆ. 18, ಬೆಳಿಗ್ಗೆ 6

ರೂಬೆನ್‌ಗೆ ಬಿಟ್ಟರೆ ಚುಕ್ಕೆ ಇರುವವೂ ಹೋಗುತ್ತವೆ. ಅವು ನಿಲ್ಲಬೇಕು. ಇನ್ನಾರು ವರ್ಷಕ್ಕೆ ಮತ್ತೆ ಅಳೆಯಬೇಕಲ್ಲ.

ಬಣ್ಣದ ಡಬ್ಬಿ ಚೀಲದಲ್ಲಿದೆ. ಕಡಿಯಬೇಕಾದ ಮರಕ್ಕೆ ಗುರುತು ಹಾಕುವವಳು ನಾನೇ. ಮೊದಲು ಸೊಟ್ಟಗಿನವು, ತುದಿ ಮುರಿದವು, ಆಮೇಲೆ—