ನಾರ್ಮಲ್ ಸ್ಟಾಕ್ ಇಲ್ಲ

೪ ನವೆಂಬರ್, ಮಂಗಳವಾರ

ಮತ್ತೆ ಅದೇ ಪ್ರಶ್ನೆ. ಆದೋನಿಯ ಬಂಕಿನಲ್ಲಿ ಕಾರು ನಿಲ್ಲುವ ಮೊದಲೇ — ಪ್ರೀಮಿಯಂ ಹಾಕಲೇ ಸಾರ್? ಪಿಕಪ್ ಬರುತ್ತದಂತೆ, ಇಂಜಿನ್ ಬಾಳಿಕೆ ಬರುತ್ತದಂತೆ. ನನ್ನದು ಹಳೆಯ ಸಣ್ಣ ಕಾರು, ರೇಸಿಗೆ ಹೋಗುವುದಿಲ್ಲ. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲೇ ಅಚ್ಚಾಗಿದೆ — ೯೧ ಆಕ್ಟೇನ್ ಸಾಕು. ಸೀಸವಿಲ್ಲದ ಪೆಟ್ರೋಲ್ ಬಂದಾಗಲೂ ಹೀಗೇ ಹೆದರಿಸಿ, ಡಬ್ಬಿಯಲ್ಲಿ ಏನೋ ಎಣ್ಣೆ ಮಾರಿದ್ದರು. ನನಗೆ ನೆನಪಿದೆ.

ಪತ್ತಿಕೊಂಡದಿಂದ ಚೇತನನ ಫೋನ್. ನನ್ನ ಹೆಂಡತಿ ಕೊಟ್ರಮ್ಮನ ತಮ್ಮ. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಹೆಣ್ಣು ಕೂಸು. ಭಾನುವಾರ ತೊಟ್ಟಿಲಿಗೆ ಹಾಕುತ್ತಾರೆ. ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ — ಕೊಟ್ರಮ್ಮ. ಯಾವ ಹೆಸರೆಂದು ನನಗೂ ಬಿಟ್ಟುಕೊಡುತ್ತಿಲ್ಲ.

ಚೇತನನಿಗೆ ಆಕ್ಟೇನ್ ವಿಷಯ ವಿವರಿಸಿದೆ. ಪ್ರೀಮಿಯಂನಲ್ಲಿ ಅದು ಹೆಚ್ಚಿರುತ್ತದೆ, ಆದರೆ ಅದು ಶಕ್ತಿಯಲ್ಲ. ಒತ್ತಡ ಬಿದ್ದಾಗ ಪೆಟ್ರೋಲು ಅವೇಳೆಯಲ್ಲಿ ತಾನಾಗಿ ಹೊತ್ತಿಕೊಳ್ಳದಂತೆ ತಡೆಯುವ ಗುಣ, ಅಷ್ಟೇ. ಹೂಂ ಭಾವ, ಹೂಂ ಭಾವ ಎಂದ.

೮ ನವೆಂಬರ್, ಶನಿವಾರ, ಸಂಜೆ

ಎರಡು ಬಂಕ್ ಸುತ್ತಿದೆ. ಎರಡರಲ್ಲೂ ನಾರ್ಮಲ್ ಇಲ್ಲ, ಪ್ರೀಮಿಯಂ ಮಾತ್ರ. ಟ್ಯಾಂಕರ್ ಬಂದಿಲ್ಲವಂತೆ. ಲಗ್ನಗಳು ಶುರುವಾದಾಗಲೇ ಟ್ಯಾಂಕರ್ ಬರುವುದಿಲ್ಲ... ವರ್ಷಗಳಿಂದ ಗಮನಿಸಿದ್ದೇನೆ. ಹಾಕಿಸದೆ ವಾಪಸ್ ಬಂದೆ.

"ಇವತ್ತೊಂದಿನ ಹಾಕಿಸ್ರಿ," ಎಂದಳು ಕೊಟ್ರಮ್ಮ. ಒಂದು ದಿನ, ಒಂದು ಸಲ — ರೂಢಿ ಮಾಡಿಸುವುದೇ ಹೀಗೆ. ಮುಳ್ಳು ಕೆಂಪು ಗೆರೆಗಿಂತ ಮೇಲೇ ಇದೆ. ದಾರಿಯಲ್ಲಿ ಆಸ್ಪರಿಯಲ್ಲಿ ಸಿಗುತ್ತದೆ.

ಅವಳು ಸೀರೆ ತೆಗೆದಿಟ್ಟುಕೊಂಡು ಕೂತಿದ್ದಾಳೆ. ಹೆಸರು ಹೇಳುವಾಗ ಹೆಂಗಸರೆಲ್ಲ ಸೋದರತ್ತೆಯ ಬೆನ್ನಿಗೆ ಗುದ್ದುತ್ತಾರೆ. ಹದಿನಾಲ್ಕು ವರ್ಷದ ಗುದ್ದು ಬಾಕಿ ಇದೆ, ಗಟ್ಟಿಯಾಗಿಯೇ ಗುದ್ದಿಸಿಕೊಳ್ಳುತ್ತೇನೆ ಎನ್ನುತ್ತಾಳೆ.

೯ ನವೆಂಬರ್, ಭಾನುವಾರ, ಸಂಜೆ

ಆಸ್ಪರಿ. ಅಲ್ಲೂ ಅದೇ. ಬಂಕಿನ ಶ್ರೀರಾಮುಲು — "ನಾರ್ಮಲ್ ಲೇದು ಸಾರ್. ಪ್ರೀಮಿಯಂ ಐತಿ, ಎಷ್ಟು ಹಾಕ್ಲಿ?" ನನ್ನ ಎದುರಿಗೇ ಆಚೆ ಪಂಪಿನಲ್ಲಿ ಪರಿಚಯದವನೊಬ್ಬನ ಬೈಕಿಗೆ ನಾರ್ಮಲ್ ಬಿತ್ತು. ಕಂಪ್ಲೇಂಟ್ ಪುಸ್ತಕ ಕೇಳಿದೆ. ಬೀರುವಿನಲ್ಲಿದೆ. ಬೀರುವಿನ ಕೀಲಿ? ಓನರ್ ಹತ್ತಿರ. ಓನರ್? ತಿರುಪತಿಗೆ ಹೋಗಿದ್ದಾರೆ. ಕೊಟ್ರಮ್ಮ ಕಾರಿನಿಂದ ಎರಡು ಸಲ ಕರೆದಳು. ಆಮೇಲೆ ಕರೆಯಲಿಲ್ಲ. ಬಹಳ ಹೊತ್ತು ವಾದಿಸಿ, ಹಾಕಿಸದೆ ಹೊರಟೆ.

ಹತ್ತಿ ಹೊಲಗಳ ನಡುವೆ ಕಾರು ಎರಡು ಸಲ ಜಗ್ಗಿ ನಿಂತಿತು. ಆ ಹೊತ್ತಿಗೆ ಬಸ್ಸಿಲ್ಲ. ಕೊಟ್ರಮ್ಮ ಕೂಸಿಗೆಂದು ತಂದ ಬೆಳ್ಳಿಯ ಗಿಲಕಿ ಹಿಡಿದು ಕೂತೇ ಇದ್ದಳು. ಚೇತನನ ಫೋನ್ ಮೇಲೆ ಫೋನ್. ಕುರಿ ಕಾಯುವ ಸುಂಕೇಶ ಎಂಬಾತ ಬೈಕಿನಲ್ಲಿ ಆಸ್ಪರಿಗೆ ಹೋಗಿ ನೀರಿನ ಬಾಟಲಿಯಲ್ಲಿ ತಂದುಕೊಟ್ಟ. ಪ್ರೀಮಿಯಂ. ಕಾರು ಸ್ಟಾರ್ಟ್ ಆಯಿತು. ಪಿಕಪ್ಪಿನಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲ. ಅದನ್ನು ಕೊಟ್ರಮ್ಮನಿಗೆ ಹೇಳಿದೆ. ಅವಳು ಕಿಟಕಿಯಾಚೆ ನೋಡುತ್ತಿದ್ದಳು.

ಪತ್ತಿಕೊಂಡ ಮುಟ್ಟಿದಾಗ ತೊಟ್ಟಿಲು ತೂಗುತ್ತಿದ್ದರು. ಮುಹೂರ್ತ ಮೀರುತ್ತದೆಂದು ಅಯ್ಯನವರು ಅವಸರ ಮಾಡಿದರಂತೆ. ಚೇತನನ ಚಿಕ್ಕಪ್ಪನ ಮಗಳು ಭುವನಾ ಕಿವಿಯಲ್ಲಿ ಹೆಸರು ಹೇಳಿ ಆಗಿತ್ತು, ಆ ಗಳಿಗೆಗೆ ಯಾರಿಗೋ ಹೊಳೆದದ್ದು — ರಾಣಿ. ಕೊಟ್ರಮ್ಮ ಕೂಸನ್ನು ಎತ್ತಿಕೊಂಡು ಅದೇ ಹೆಸರಿನಿಂದ ಕರೆದಳು. ಅವಳ ಬೆನ್ನು ಯಾರೂ ಮುಟ್ಟಲಿಲ್ಲ.

ಊಟದ ಪಂಕ್ತಿಯಲ್ಲಿ ಬಂಕಿನವರ ಮೋಸ ವಿವರಿಸುತ್ತಿದ್ದೆ. ಚೇತನ ಹೋಳಿಗೆ ಬಡಿಸುತ್ತ ತಣ್ಣಗೆ ಹೇಳಿದ: "ಕಾರಿಗೆ ಬ್ಯಾಡ ಬಿಡ್ರಿ ಭಾವ. ಅವೇಳ್ಯಾಗ ಹೊತ್ಕೊಳ್ಳೋದು ಅದಲ್ಲ. ಪ್ರೀಮಿಯಂ ನಿಮಗ ಹಾಕ್ಬೇಕಿತ್ತು." ಪಂಕ್ತಿಯೆಲ್ಲ ನಕ್ಕಿತು. ಕೊಟ್ರಮ್ಮ ನಗಲಿಲ್ಲ.

೧೭ ನವೆಂಬರ್, ಸೋಮವಾರ

ನಾರ್ಮಲ್ ಬಂದಿದೆ. ಎಲ್ಲ ಬಂಕಿನಲ್ಲೂ. ಫುಲ್ ಟ್ಯಾಂಕ್ ಮಾಡಿಸಿದೆ. ಹೋಗಬೇಕಾದ ಊರು ಯಾವುದೂ ಇಲ್ಲ.

ಕೊಟ್ರಮ್ಮ ಮಾತಾಡುತ್ತಾಳೆ. ಊಟಕ್ಕೆ ಬರ್ರಿ, ಹಾಲಿನವನು ಬಂದಾನ — ಇಷ್ಟೇ. ಯಾವ ಹೆಸರು ಅಂದುಕೊಂಡಿದ್ದೆ ಎಂದು ಕೇಳಿದೆ.

"ಈಗ್ಯಾಕ್ರಿ ಅದು. ಕೂಸಿಗೆ ಹೆಸರೈತಿ."

೧೯ ನವೆಂಬರ್, ಬುಧವಾರ, ಬೆಳಿಗ್ಗೆ

ದೂರು ಬರೆಯಲು ಕೂತೆ. ತೈಲ ಕಂಪನಿಗೆ, ಒಂದು ನಕಲು ಗ್ರಾಹಕ ವೇದಿಕೆಗೆ. ಇದ್ದರೂ ಇಲ್ಲ ಎಂದದ್ದು, ಕಂಪ್ಲೇಂಟ್ ಪುಸ್ತಕ ಕೊಡದೆ ಸತಾಯಿಸಿದ್ದು, ೯೧ ಆಕ್ಟೇನ್ ಎಂದಿರುವ ಪುಟದ ಝೆರಾಕ್ಸ್. ಮೂರು ಸಲ ಓದಿದೆ. ಪ್ರತಿ ಮಾತೂ ನಿಜ. ಕೊನೆಯ ಅಂಕಣ ಮಾತ್ರ ಉಳಿದಿದೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ದೂರುದಾರರಿಗೆ ಆದ ನಷ್ಟ: ಕೂಸಿನ ಕಿವಿಯಲ್ಲಿ ನನ್ನ ಹೆಂಡತಿ ಹೇಳಬೇಕೆಂದಿದ್ದ ಹೆಸರು. ಅದು —