ರಾಗಿ ಹಾಸಿದ ಟ್ರ್ಯಾಕು

ಹಗರೆ
8 ಜನವರಿ 2025

ಪ್ರೀತಿಯ ತಮ್ಮ ಹೇಮಂತನಿಗೆ ಅಕ್ಕ ಹೇಮಾಶ್ರೀಯ ಆಶೀರ್ವಾದಗಳು.

ನಾವೆಲ್ಲ ಚೆನ್ನಾಗಿದ್ದೇವೆ. ನೀನೂ ಅರಸೀಕೆರೆಯಲ್ಲಿ ಹೊತ್ತುಹೊತ್ತಿಗೆ ಉಣ್ಣುತ್ತಿದ್ದೀಯ ಅಂದುಕೊಂಡಿದ್ದೇನೆ. ಮೂರು ದಿನದಿಂದ ನಿನ್ನ ಫೋನ್ ಎತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಈ ಕಾಲದಲ್ಲಿ ಕಾಗದವೇ ಅಂತ ನಗಲೂ ಬೇಡ. ಫೋನಿನಲ್ಲಿ ಹೇಳಲು ಹೊರಟರೆ "ಹೋಗ್ಲಿ ಬಿಡಕ್ಕ" ಅಂತೀಯ. ಮೆಸೇಜ್ ಹಾಕಿದರೆ ಹೆಬ್ಬೆಟ್ಟಿನ ಚಿತ್ರ ಒತ್ತಿ ಮುಗಿಸುತ್ತೀಯ. ನನಗೆ ಒಬ್ಬನನ್ನು ಹೊಟ್ಟೆ ತುಂಬ ಬಯ್ಯಬೇಕಾಗಿದೆ, ಮಧ್ಯೆ ಯಾರೂ ಬಾಯಿ ಹಾಕಬಾರದು.

ಮೊದಲು ಮನೆಯ ಸುದ್ದಿ. ಕೆಂದ ಹಸು ಹೆಣ್ಣುಕರು ಹಾಕಿದೆ. ನಿಮ್ಮ ಭಾವನ ಸೊಂಟನೋವು ಹಾಗೇ ಇದೆ, ಆಸ್ಪತ್ರೆ ಅಂದರೆ ಮಾತ್ರ ತೋಟದ ಕಡೆ ಓಡುತ್ತಾರೆ. ಅತ್ತೆ ಗಟ್ಟಿಯಾಗಿದ್ದಾರೆ, ಅವರ ಬಾಯಿ ಅವರಿಗಿಂತ ಗಟ್ಟಿಯಾಗಿದೆ. ಅದನ್ನೇ ಮುಂದೆ ಬರೆಯುತ್ತೇನೆ.

ಭಾನುವಾರ ಬೇಲೂರಿನಲ್ಲಿ ನಿನ್ನ ಗೆಳೆಯ ಇಂದುಧರನಿಗೆ ಸನ್ಮಾನ ಆಯಿತು. ಯಾತಕ್ಕೆ? ನಾನು ಕಟ್ಟಿದ ಟ್ರ್ಯಾಕಿಗೆ! ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಓದು. ಸಿಟ್ಟು ಬಂದಾಗ ಮೊದಲಿನಿಂದ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಕಂಪ್ಯೂಟರಿನ ಆ ಕಾರ್ ರೇಸಿನ ಆಟದಲ್ಲಿ ಆಡುವವರೇ ರಸ್ತೆ ಕಟ್ಟಿ ಲೋಕಕ್ಕೆಲ್ಲ ಬಿಡಬಹುದು. ನಾನು ಕಟ್ಟಿದ್ದು ನಮ್ಮದೇ ರಸ್ತೆ. ಹಗರೆಯಿಂದ ಹಳೇಬೀಡು, ಅಲ್ಲಿಂದ ಬೇಲೂರು, ತಿರುಗಿ ಹಗರೆ. ಮಳೆಗಾಲದಲ್ಲಿ ಶುರು ಮಾಡಿದ್ದು ದೀಪಾವಳಿಗೆ ಮುಗಿಯಿತು. ಹಳೇಬೀಡಿನ ಕೆರೆಯ ಪಕ್ಕದ ತಿರುವು ಸರಿಬರಲಿಲ್ಲ ಅಂತ ಎಷ್ಟು ಸಲ ಕಿತ್ತು ಕಟ್ಟಿದೆನೋ! ಒಂದು ಕಡೆ ರಸ್ತೆಯ ತುಂಬ ರಾಗಿ ತೆನೆ ಹಾಸಿದೆ. ಬಸ್ಸು ಲಾರಿ ಹರಿದು ಕಾಳು ಉದುರಲಿ ಅಂತ ನಮ್ಮವರು ಸುಗ್ಗಿಯಲ್ಲಿ ಹಾಸುತ್ತಾರಲ್ಲ, ಹಾಗೆ. ಆಟದಲ್ಲಿ ರಾಗಿ ಎಲ್ಲಿ ಸಿಗಬೇಕು? ಒಣಹುಲ್ಲಿನ ತುಂಡುಗಳನ್ನೇ ಡಾಂಬರಿನ ಮೇಲೆ ಒಂದೊಂದಾಗಿ ಕೂರಿಸಿದೆ.

ಲೋಕಕ್ಕೆ ಬಿಡುವ ಮುಂಚೆ ನೀನೇ ಅಂದೆ, "ಇಂದುಧರಂಗೆ ಒಂದ್ಸಲ ಕಳ್ಸಕ್ಕ, ನೋಡಿ ಹೇಳ್ತಾನೆ, ನಮ್ಮೋನೇ" ಅಂತ. ಕಳಿಸಿದೆ. ನಮ್ಮೋನು ನೋಡಿದ. ನೋಡಿ ತನ್ನ ಹೆಸರು ಹಾಕಿಕೊಂಡು ಲೋಕಕ್ಕೆ ಬಿಟ್ಟ.

ಆ ಟ್ರ್ಯಾಕಿನಲ್ಲಿ ಅವನ ಸ್ವಂತ ಕೆಲಸ ಏನು ಗೊತ್ತೇನೋ? ಬೇಲೂರಿನ ಬಸ್‌ಸ್ಟ್ಯಾಂಡಿನ ಮುಂದೆ ಸಮುದ್ರದ ದಂಡೆಯಲ್ಲಿ ನೆಡುವ ಬಣ್ಣದ ಛತ್ರಿಗಳನ್ನು ನೆಟ್ಟಿದ್ದಾನೆ. ಬೇಲೂರಿಗೂ ಸಮುದ್ರಕ್ಕೂ ಎತ್ತಣ ನಂಟು? ಅಷ್ಟು ಬುದ್ಧಿ ಆ ಮುಠ್ಠಾಳನದು.

ಸನ್ಮಾನ ನಡೆದ ಕಲ್ಯಾಣ ಮಂಟಪದ ಬಾಗಿಲಲ್ಲಿ ಫ್ಲೆಕ್ಸು, ಅದರಲ್ಲಿ ಕಪ್ಪು ಕನ್ನಡಕ ಹಾಕಿ ಕೈಕಟ್ಟಿ ನಿಂತ ಮಹಾನುಭಾವ. ಯುವಕರ ಸಂಘದ ಅಧ್ಯಕ್ಷ ಸ್ವಾಮಿ ಮೈಕು ಹಿಡಿದು, "ನಮ್ ಇಂದುಧರ ಬೇಲೂರ್ನ ಪ್ರಪಂಚಕ್ಕೇ ತೋರ್ಸವ್ನೆ ಕಣ್ರಪ್ಪ!" ಅಂತ ಕೂಗಿದ. ಚಪ್ಪಾಳೆಯೋ ಚಪ್ಪಾಳೆ. ನಾನೂ ಅತ್ತೆಯೂ ಮುಂದಿನ ಸಾಲಿನಲ್ಲೇ ಕೂತಿದ್ದೆವು. ಇಂದುಧರ ನನ್ನನ್ನು ಕಂಡ, ಮುಖದಲ್ಲಿ ಒಂದಿಷ್ಟಾದರೂ ನಾಚಿಕೆ ಬೇಡವೇ? "ಇವ್ರು ನಮ್ ಹೇಮಂತನ ಅಕ್ಕ. ರೂಟ್ ಹೇಳಿ ತುಂಬಾ ಸಪೋರ್ಟ್ ಮಾಡಿದ್ರು" ಅಂದ. ರೂಟು ಹೇಳಿದೆನಂತೆ! ನಾನೇನು ಬಸ್ ಕಂಡಕ್ಟರೇ? ಯಾರೋ ಬಂದು ನನ್ನ ಕೈಗೆ ಒಂದು ಗುಲಾಬಿ ಕೊಟ್ಟು ಹೋದರು. ಬಾಡಿದ್ದು.

ಆಮೇಲೆ ಸ್ವಾಮಿ, "ಎಲ್ಲಿ, ಒಂದು ರೌಂಡ್ ಓಡ್ಸಿ ತೋರ್ಸಪ್ಪ" ಅಂದ. ದೊಡ್ಡ ಪರದೆ ಹಾಕಿದ್ದರು. ಇಂದುಧರ ಸನ್ಮಾನದ ಪೇಟ ಇಟ್ಟುಕೊಂಡೇ ಓಡಿಸಲು ಕೂತ. ರಾಗಿ ಹಾಸಿದ ಜಾಗಕ್ಕೆ ಬಂದವನೇ ಗಾಬರಿಬಿದ್ದು ಬ್ರೇಕ್ ಒತ್ತಿದ. ಕಾರು ಗಿರಗಿರನೆ ಸುತ್ತಿ ಚರಂಡಿಗೆ ಬಿತ್ತು. ಮತ್ತೆ ಓಡಿಸಿದ, ಮತ್ತೆ ಬ್ರೇಕ್, ಮತ್ತೆ ಚರಂಡಿ. ವೋಲ್ಟೇಜ್ ಸರಿಯಿಲ್ಲ ಅಂದ. ಅತ್ತೆಗೆ ತಡೆಯಲಾಗಲಿಲ್ಲ. ಕೂತಲ್ಲಿಂದಲೇ, "ಅಯ್ಯೋ ಮಂಕೇ, ರಾಗಿ ಹಾಸಿರೋ ತಾವ ಯಾರಾನ ಬ್ರೇಕ್ ಹಾಕ್ತಾರೇನ್ಲಾ? ಕಾಲು ತಗ್ದು ನೆಟ್ಟಗೆ ಬಿಡ್ಬೇಕು ಕಣ!" ಅಂತ ಕೂಗಿದರು. ಜನ ಗೊಳ್ಳೆಂದು ನಕ್ಕರು. ಅವನು, "ರಾಗಿ ಅಲ್ಲ ಅಜ್ಜಿ, ಅದು ಮಿಸ್ಟೇಕು. ಹುಲ್ಲು ರಸ್ತೆ ಮೇಲೆ ಬಂದ್ಬಿಟ್ಟೈತೆ, ತೆಗ್ದಾಕ್ತೀನಿ" ಅಂದ. ನಕ್ಕವರೇ ಎದ್ದು ಹೋಗಿ ಶಾಲು ಹೊದಿಸಿದರು. ಅಂಥ ಜನ!

ಈಗ ಮುಖ್ಯ ವಿಷಯ. ಕಟ್ಟಿದವನು ತನ್ನ ಹೆಸರಿನಲ್ಲಿ ಆ ರಸ್ತೆಯನ್ನು ಕೊನೆಯವರೆಗೆ ಓಡಿಸಿ ಮುಟ್ಟಿಸದಿದ್ದರೆ ಆಟ ಅದನ್ನು ಹೊರಗೆ ಬಿಡುವುದಿಲ್ಲ. ರಾಗಿಯನ್ನೇ ದಾಟಲಾರದ ಈ ಶೂರ ಹೇಗೆ ಮುಟ್ಟಿಸಿದ? ಅವನ ಹೆಸರಿನಲ್ಲಿ ಬೇರೆ ಯಾರೋ ಓಡಿಸಿಕೊಟ್ಟಿದ್ದಾರೆ. ಇಂದುಧರನಿಗಾದರೂ ಪೇಟ ಸಿಕ್ಕಿತು. ಆ ಕೂಲಿ ಡ್ರೈವರನಿಗೆ ಏನು ಸಿಕ್ಕಿತೋ, ಒಂದು ಪ್ಲೇಟ್ ಗೋಬಿಯೋ ಏನೋ! ಇಷ್ಟು ಅಗ್ಗಕ್ಕೆ ಮಾರಿಕೊಳ್ಳುವ ಕೈಯನ್ನು ನಾನೊಮ್ಮೆ ನೋಡಬೇಕು. ನಿನ್ನ ಗೆಳೆಯರ ಪೈಕಿಯೇ ಇರಬೇಕು, ವಿಚಾರಿಸಿ ಹೇಳು.

ಇಷ್ಟಕ್ಕೆಲ್ಲ ಯಾಕೆ ಕುದಿಯುತ್ತೀಯ ಅಂತೀಯೇನೋ. ಹೊಲದ ಪಹಣಿಯಲ್ಲಿ ಮಾವನವರ ಹೆಸರಿದೆ. ಹಾಲು ಕರೆಯುವವಳು ನಾನು, ಡೈರಿಯ ಪುಸ್ತಕದಲ್ಲಿ ನಿಮ್ಮ ಭಾವನ ಹೆಸರಿದೆ. ಅದಕ್ಕೆಲ್ಲ ನಾನು ಜಗಳ ಮಾಡಿದವಳಲ್ಲ. ಇದೊಂದರ ಮೇಲೆ ಮಾತ್ರ ನನ್ನ ಹೆಸರು ಬೇಕು ಅಂತ ಆಸೆಪಟ್ಟೆ ಕಣೋ. ಶಾಲು, ಪೇಟ ಅವನೇ ಇಟ್ಟುಕೊಂಡು ಸಾಯಲಿ. ಹೆಸರು ನನ್ನದಾಗಬೇಕು.

ಸಂಕ್ರಾಂತಿಗೆ ಬಾ. ಅವರೆಕಾಯಿ ಬಿಡಿಸಿಟ್ಟಿರುತ್ತೇನೆ. ಸ್ಕೂಲ್ ವ್ಯಾನನ್ನು ನಿಧಾನವಾಗಿ ಓಡಿಸು, ಅದರೊಳಗಿರುವುದು ಊರವರ ಮಕ್ಕಳು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ
ಹೇಮಾಶ್ರೀ

ಮತ್ತೆ: ಲಕೋಟೆ ಅಂಟಿಸುವ ಮೊದಲು ಇದನ್ನು ಸೇರಿಸುತ್ತಿದ್ದೇನೆ. ಮುಟ್ಟಿಸಿದವನ ಓಟವನ್ನು ಆಟ ಹಾಗೇ ಇಟ್ಟುಕೊಂಡಿರುತ್ತದೆ. ಬೇರೆಯವರು ಓಡಿಸುವಾಗ ಅದು ನೆರಳಿನ ಕಾರಾಗಿ ಪಕ್ಕದಲ್ಲೇ ಬರುತ್ತದೆ. ಆ ಕೂಲಿಯವನ ಕೈ ಹೇಗಿದೆ ನೋಡೋಣ ಅಂತ ಈಗ ಡೈರಿಯಿಂದ ಬಂದವಳೇ ಅದರ ಜೊತೆ ಓಡಿಸಿದೆ. ರಾಗಿ ಹತ್ತಿರವಾಯಿತು. ನೆರಳಿನ ಕಾರು ಬ್ರೇಕ್ ಹಾಕಲಿಲ್ಲ. ತೆನೆಯ ಮೇಲೆ ಹೋಗುವ ಮುಂಚೆ ಹಾರ್ನ್ ಹೊಡೆಯಿತು. ಸ್ವಲ್ಪ ಬಿಟ್ಟು ಇನ್ನೊಂದು ಸಲ ಹೊಡೆಯಿತು. ಅಪ್ಪ ನಿನಗೆ ಟೆಂಪೋ ಕಲಿಸುವಾಗ ಕಣಕಟ್ಟೆ ರಸ್ತೆಯಲ್ಲಿ ಹೇಳುತ್ತಿದ್ದರಲ್ಲ, "ತೆನೆ ತಿರುವೋ ಹೆಂಗಸ್ರು ಬಗ್ಗಿರ್ತಾರೆ, ಹಾರ್ನ್ ಹೊಡ್ದು ಹೋಗ್ಲಾ" ಅಂತ.

ಆಟದಲ್ಲಿ ಹೆಂಗಸರಿಲ್ಲ ಹೇಮಂತ. ನಾನು ಒಬ್ಬರನ್ನೂ ಅಲ್ಲಿ ನಿಲ್ಲಿಸಿಲ್ಲ. ಆ ಖಾಲಿ ರಸ್ತೆಯಲ್ಲಿ ಹಾರ್ನ್ ಹೊಡೆಯುವವನು ನೀನೊಬ್ಬನೇ.

ಮೇಲೆ ಬರೆದದ್ದನ್ನು ಹೊಡೆದುಹಾಕಲು ಹೋದೆ, ಆಮೇಲೆ ಬೇಡ ಅನ್ನಿಸಿತು. ಇಂದುಧರನನ್ನು ಬಯ್ಯುವಾಗ ಹಿತವಾಗಿತ್ತು ಕಣೋ. ಈಗ ಒಂದು ಬೈಗುಳವೂ ಬರುತ್ತಿಲ್ಲ. ಅವನ ಹೆಸರಿನಲ್ಲಿ ಓಡಿಸಿದ್ದೀಯಲ್ಲ, ಪಾಸ್‌ವರ್ಡ್ ನಿನ್ನ ಹತ್ತಿರ ಇದೆ. ಟ್ರ್ಯಾಕಿನ ಮೇಲೆ ನನ್ನ ಹೆಸರು ಹಾಕಿ ಆಮೇಲೆ ಹಬ್ಬಕ್ಕೆ ಬಾ. ಹಾಕದಿದ್ದರೆ ಬರಬೇಡ.